ಒಂದು ಮಸೂದೆಯ ಬೆನ್ನು ಹತ್ತಿ

ನನ್ನ ತಮ್ಮನಿಗೆ ಹೀಮೋಫಿಲಿಯಾ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹೊರಗಿನ ಗಾಯಕ್ಕಿಂತ ಒಳಗಿನ ರಕ್ತಸ್ರಾವದ ಕಾಟವೇ ಜಾಸ್ತಿ. ರಾತ್ರಿ ಚೆನ್ನಾಗಿಯೇ ಮಲಗಿದವನ ಮೊಣಕಾಲು ಬೆಳಗಾಗುವಷ್ಟರಲ್ಲಿ ತೆಂಗಿನಕಾಯಿ ಗಾತ್ರಕ್ಕೆ ಊದಿರುತ್ತಿತ್ತು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಇಂಜೆಕ್ಷನ್ ಹಾಕಿಸಿ, ಐಸ್ ಇಟ್ಟು, ದಿನಗಟ್ಟಲೆ ಕಾಲು ಅಲ್ಲಾಡಿಸದೆ ಮಲಗಬೇಕು. ಊತ ಇಳಿದ ಮೇಲೆ ನೋಡಿದವರಿಗೆ ಅವನು ಎಲ್ಲರ ಹಾಗೇ ಕಾಣುತ್ತಿದ್ದ. ಕಷ್ಟ ಇದ್ದದ್ದು ಅಲ್ಲೇ.

1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. ಇವನ ಕಾಯಿಲೆಯ ಹೆಸರು ಅದರಲ್ಲಿ ಇರಲಿಲ್ಲ. ಪರೀಕ್ಷೆಗೆ ಹೋಗಲು ಆಗದ ದಿನ ಶಾಲೆಯಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು. "ಯಾವ ರೂಲ್ಸ್ ಪ್ರಕಾರ ರಿಯಾಯಿತಿ ಕೊಡೋಣ, ನೀವೇ ಹೇಳಿ." ಅಮ್ಮ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ನನಗೂ ಉತ್ತರ ಗೊತ್ತಿರಲಿಲ್ಲ.

ನಮ್ಮಂಥ ಕುಟುಂಬಗಳು ತಿಂಗಳಿಗೊಮ್ಮೆ ಒಂದು ಕಡೆ ಸೇರುತ್ತಿದ್ದೆವು. ಅಲ್ಲಿಗೆ ಗಾಲಿಕುರ್ಚಿಯಲ್ಲಿ ಬರುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರನ್ನು ಎಲ್ಲರೂ ಮೇಡಂ ಅಂತಲೇ ಕರೆಯುತ್ತಿದ್ದೆವು. 2014ರ ಮೊದಲ ತಿಂಗಳುಗಳಲ್ಲಿ ಒಂದು ಭಾನುವಾರ ಅವರು ದಪ್ಪ ಕಾಗದದ ಕಟ್ಟೊಂದನ್ನು ನನ್ನ ಕೈಗಿಟ್ಟರು. ಅಂಗವಿಕಲರ ಹಕ್ಕುಗಳ ಮಸೂದೆ. ಫೆಬ್ರವರಿ 7ರಂದು ಆಗಿನ ಸಚಿವ ಮಲ್ಲಿಕಾರ್ಜುನ ಖರ್ಗೆ ಅವರು ರಾಜ್ಯಸಭೆಯಲ್ಲಿ ಮಂಡಿಸಿದ್ದರು. "ಕೊನೆಯಿಂದ ಓದಮ್ಮ, ಪಟ್ಟಿ ಇರೋದು ಅಲ್ಲಿ" ಅಂದರು ಮೇಡಂ.

ಪಟ್ಟಿಯಲ್ಲಿ 7 ಇದ್ದದ್ದು 19 ಆಗಿತ್ತು. ನಡುವೆ ಒಂದು ಕಡೆ ಹೀಮೋಫಿಲಿಯಾ ಎಂಬ ಪದ ಕಂಡಿತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದ್ದು ನನಗೆ ಈಗಲೂ ನೆನಪಿದೆ. ಆಸ್ಪತ್ರೆ ಚೀಟಿಯಲ್ಲಿ ಬಿಟ್ಟು ಬೇರೆಲ್ಲೂ ಆ ಪದವನ್ನು ಅಚ್ಚಾಗಿ ನೋಡಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಅದರ ವಿವರಣೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ವಂಶದಲ್ಲಿ ಬರುವ ಕಾಯಿಲೆ, ಸಾಮಾನ್ಯವಾಗಿ ಗಂಡುಮಕ್ಕಳಿಗೆ ಬರುತ್ತದೆ, ಸಣ್ಣ ಗಾಯವೂ ಪ್ರಾಣಕ್ಕೆ ಎರವಾಗಬಹುದು. ನಡುವೆ ಇನ್ನೊಂದು ತುಣುಕಿತ್ತು. ತಾಯಿಯಿಂದ ಗಂಡುಮಕ್ಕಳಿಗೆ ದಾಟುತ್ತದೆ ಅಂತ. ನಾನು ಅದನ್ನು ಬಿಟ್ಟು ಓದಿದೆ. ಅಮ್ಮನಿಗೆ ಗೊತ್ತಾಯಿತು. "ಅದನ್ನೂ ಓದು. ಬರೆದಿದ್ದಾರಲ್ವಾ, ಇರಲಿ ಬಿಡು" ಅಂದರು.

ಅಲ್ಲಿಯವರೆಗೆ ಸಂಸತ್ತು ಅಂದರೆ ನನಗೆ ಟಿವಿಯಲ್ಲಿ ಕಾಣುವ ಗಲಾಟೆ ಅಷ್ಟೇ ಆಗಿತ್ತು. ಸದನದ ಬಾವಿಗೆ ಇಳಿಯುವುದು, ಕಾಗದ ಹರಿಯುವುದು, ಕಲಾಪ ನಾಳೆಗೆ ಮುಂದೂಡುವುದು. ಒಂದು ಮಸೂದೆ ಹುಟ್ಟಿ ಕಾಯ್ದೆಯಾಗುವ ತನಕ ಅದರ ಬೆನ್ನು ಹತ್ತಿ ಹೋದ ಮೇಲೆ ನನಗೆ ಬೇರೆಯೇ ಸಂಸತ್ತು ಕಂಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಭಯ ಬಂದದ್ದು ಚುನಾವಣೆಯಿಂದ. ಮಸೂದೆ ಮಂಡಿಸಿದ ಸರ್ಕಾರ 2014ರ ಮೇನಲ್ಲಿ ಸೋತಿತು. ಲೋಕಸಭೆ ವಿಸರ್ಜನೆ ಆಯಿತು. ಎಲ್ಲ ಮುಗಿಯಿತು ಅಂದುಕೊಂಡು ಮೇಡಂಗೆ ಫೋನ್ ಮಾಡಿದೆ. ಅವರು ಶಾಂತವಾಗಿಯೇ ಹೇಳಿದರು. "ನಮ್ಮ ಮಸೂದೆ ರಾಜ್ಯಸಭೆಯಲ್ಲಿ ಹುಟ್ಟಿದ್ದು. ರಾಜ್ಯಸಭೆ ವಿಸರ್ಜನೆ ಆಗಲ್ಲ. ಅಲ್ಲಿ ಬಾಕಿ ಇರೋ ಮಸೂದೆ ಲೋಕಸಭೆ ಜೊತೆ ಸಾಯಲ್ಲ. ಸಂವಿಧಾನದ 107ನೇ ವಿಧಿ ನೋಡು." ನೋಡಿದೆ. ಹಾಗೇ ಇತ್ತು. ಲೋಕಸಭೆಯಲ್ಲೇ ಮಂಡನೆಯಾಗಿ ಅಲ್ಲೇ ಉಳಿದಿದ್ದರೆ ಎಲ್ಲ ಮೊದಲಿಂದ ಶುರುವಾಗಬೇಕಿತ್ತು. ಎರಡು ಸದನ ಯಾಕೆ ಬೇಕು ಅಂತ ಶಾಲೆಯಲ್ಲಿ ಐದು ಅಂಕದ ಉತ್ತರ ಬರೆದಿದ್ದೆ. ಅದರ ಅರ್ಥ ತಿಳಿದದ್ದು ಆ ದಿನ.

ಹೊಸ ಸರ್ಕಾರ ಮಸೂದೆಯನ್ನು ಕೈಬಿಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣದ ಸ್ಥಾಯಿ ಸಮಿತಿಗೆ ಹೋಯಿತು. ಇಂಥ ಸಮಿತಿಯಲ್ಲಿ 31 ಜನ ಇರುತ್ತಾರೆ. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಎಲ್ಲ ಪಕ್ಷದವರೂ ಇರುತ್ತಾರೆ, ಸಚಿವರು ಮಾತ್ರ ಇರುವಂತಿಲ್ಲ. ಸಭೆ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ, ಕ್ಯಾಮೆರಾ ಇರುವುದಿಲ್ಲ. ಮೊದಲು ನನಗೆ ಇದು ಸರಿ ಅನ್ನಿಸಿರಲಿಲ್ಲ. ಜನರ ಕೆಲಸಕ್ಕೆ ಬಾಗಿಲು ಯಾಕೆ ಮುಚ್ಚಬೇಕು? ಈಗ ಅನಿಸುತ್ತದೆ, ಕ್ಯಾಮೆರಾ ಇಲ್ಲದಿರುವುದರಿಂದಲೇ ಅಲ್ಲಿ ಒಂದು ಪಕ್ಷದವರು ಇನ್ನೊಂದು ಪಕ್ಷದವರ ಮಾತಿಗೆ ಹೌದು ಅನ್ನಲು ಸಾಧ್ಯವಾಗುತ್ತದೆ.

ಸಮಿತಿ ಜನರಿಂದ ಸಲಹೆ ಕೇಳಿತು. ಯಾರು ಬೇಕಾದರೂ ಬರೆಯಬಹುದು. ಸಂಘ ಸಂಸ್ಥೆಯೇ ಆಗಬೇಕಿಲ್ಲ, ವಕೀಲರೇ ಆಗಬೇಕಿಲ್ಲ. ಮಂಡ್ಯದ ರೈತನೂ ಬರೆಯಬಹುದು, ದೆಹಲಿಯ ಪ್ರೊಫೆಸರೂ ಬರೆಯಬಹುದು. ಖುದ್ದಾಗಿ ಬಂದು ಹೇಳಬೇಕು ಅನ್ನುವವರು ಅದನ್ನೂ ಪತ್ರದಲ್ಲೇ ಬರೆಯಬೇಕು. ಕರೆಯುವುದು ಬಿಡುವುದು ಸಮಿತಿಗೆ ಬಿಟ್ಟದ್ದು. ಪತ್ರ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಹಿಂದಿಯಲ್ಲಿ.

ನಾನು ಮೊದಲು ಬರೆದದ್ದು ಕನ್ನಡದಲ್ಲಿ, ಹನ್ನೊಂದು ಪುಟ. ತಮ್ಮ ಹುಟ್ಟಿದಾಗಿನಿಂದ ಶುರು ಮಾಡಿದ್ದೆ. ಮೊದಲ ಸಲ ಹಲ್ಲು ಬಿದ್ದಾಗ ರಕ್ತ ನಿಲ್ಲದೆ ರಾತ್ರಿಯಿಡೀ ಅಮ್ಮ ಬಟ್ಟೆ ಬದಲಿಸಿದ್ದು, ಬಸ್ಸಿನಲ್ಲಿ ಸೀಟು ಬಿಡಿ ಅಂದಾಗ ಪಕ್ಕದವರು ಕಾಲಿನಿಂದ ತಲೆವರೆಗೆ ನೋಡಿದ್ದು, ಎಲ್ಲ. ಮೇಡಂ ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು.

"ಇದೆಲ್ಲ ನಿಜ. ಆದ್ರೆ ಓದೋ ಸಂಸದರ ಮುಂದೆ ಇಂಥ ಪತ್ರಗಳ ರಾಶಿ ಇರುತ್ತೆ. ಅವರ ಕೈಲಿ ಇರೋದು ಪೆನ್ನು. ಎಲ್ಲಿ ಗೆರೆ ಹೊಡೀಬೇಕು, ಎಲ್ಲಿ ಪದ ಸೇರಿಸಬೇಕು ಅಂತ ನೀನೇ ಹೇಳು. ಯಾವ ಕಲಂ, ಈಗ ಏನಿದೆ, ಏನಾಗ್ಬೇಕು, ಯಾಕೆ. ನಾಲ್ಕೇ ನಾಲ್ಕು. ತಮ್ಮನ ಕಥೆ 'ಯಾಕೆ' ಅನ್ನೋ ಕಡೆ ಬರಲಿ."

ಒಂದು ಹಾಳೆಯ ಮೇಲೆ ಉದ್ದಕ್ಕೆ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿಕೊಟ್ಟರು. ನಾನು ಮತ್ತೆ ಮಸೂದೆ ಓದಿದೆ. ಈ ಸಲ ಪಟ್ಟಿಯನ್ನಲ್ಲ, ಎಲ್ಲ ಕಲಂಗಳನ್ನು. ಆಗ ಕಣ್ಣಿಗೆ ಬಿದ್ದದ್ದು ಎರಡು ತೊಡಕು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ವೈಕಲ್ಯ ಶೇ 40 ಆದರೂ ಇರಬೇಕು. ಇವತ್ತು ಊದಿ ನಾಳೆ ಇಳಿಯುವ ಕಾಲಿಗೆ ಶೇಕಡಾವಾರು ಲೆಕ್ಕ ಹಾಕುವುದು ಹೇಗೆ? ಎರಡನೆಯದು ಇನ್ನೂ ದೊಡ್ಡದು. ಸರ್ಕಾರಿ ನೌಕರಿಯ ಮೀಸಲಾತಿ ಯಾವ ಯಾವ ಗುಂಪಿಗೆ ಅಂತ ಬಿಡಿಸಿ ಬರೆದಿದ್ದ ಕಲಂನಲ್ಲಿ ರಕ್ತದ ಕಾಯಿಲೆಯವರು ಇರಲಿಲ್ಲ. ಹೀಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಮೂರೂ ಇರಲಿಲ್ಲ. ಪಟ್ಟಿ ನೋಡಿ ಕುಣಿದಾಡಿದ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಕಾನೂನಿನಲ್ಲಿ ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆ ಎಷ್ಟು ಉಳಿದಿದೆ ಅಂತ ನೋಡದೆ ಸಂತೋಷ ಪಡಬಾರದು.

ಹನ್ನೊಂದು ಪುಟ ಮೂರಾಯಿತು. ಮೇಡಂ, ನಾನು, ತಮ್ಮ ಮೂವರೂ ಕೂತು ಇಂಗ್ಲಿಷಿಗೆ ಹಾಕಿದೆವು. "ಕೀಲು ಹಿಡಿದುಕೊಂಡಿದೆ" ಅನ್ನುವುದಕ್ಕೆ ಸರಿಯಾದ ಇಂಗ್ಲಿಷ್ ಮಾತು ಸಿಗದೆ ಅರ್ಧ ಗಂಟೆ ಹೋಯಿತು. ಕೊನೆಗೆ ಡಾಕ್ಟರ ಚೀಟಿಯಲ್ಲಿದ್ದ ಪದವನ್ನೇ ಬರೆದೆವು. ಅದು ಸರಿಯಾದ ಪದವೇ. ಆದರೆ ಕಾಲು ಮಡಿಸಲಾಗದೆ ಚಾಪೆಯ ಮೇಲೆ ಕೂತವನ ಕಷ್ಟ ಅದರಲ್ಲಿ ಬರಲಿಲ್ಲ. ಸಂಸತ್ತಿನಲ್ಲಿ ಸದಸ್ಯರು ಕನ್ನಡದಲ್ಲಿ ಮಾತಾಡಬಹುದು, ಸಂವಿಧಾನದ 120ನೇ ವಿಧಿ ಅದಕ್ಕೆ ದಾರಿ ಬಿಟ್ಟಿದೆ. ಅವರಿಗೆ ಮತ ಹಾಕಿದವರು ಸಮಿತಿಗೆ ಬರೆಯುವ ಪತ್ರಕ್ಕೂ ಆ ದಾರಿ ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಮೇಡಂ ಇರಲಿಲ್ಲ ಅಂದಿದ್ದರೆ ನಮ್ಮ ಪತ್ರ ಹೋಗುತ್ತಲೇ ಇರಲಿಲ್ಲ. ಹೀಗೆ ಹೋಗದೇ ಉಳಿದ ಪತ್ರಗಳು ಎಷ್ಟಿರಬಹುದು.

ಸಮಿತಿಗೆ ಕೊಟ್ಟ ಪತ್ರ ಸಮಿತಿಯ ದಾಖಲೆ ಆಗುತ್ತದೆ. ಅದು ಗುಟ್ಟಾಗಿ ಇರಬೇಕು, ಹೊರಗೆ ಹಂಚಿದರೆ ಸದನದ ಹಕ್ಕುಚ್ಯುತಿ. ಆದ್ದರಿಂದ ಪತ್ರದ ಸಾಲುಗಳನ್ನು ಇಲ್ಲಿ ಹಾಕುತ್ತಿಲ್ಲ. ಅಂಚೆಗೆ ಹಾಕಿದ ದಿನ ತಮ್ಮ ನನ್ನ ಜೊತೆ ಬಂದಿದ್ದ. ತನ್ನ ಕೈಯಾರೆ ತೂಕದ ಯಂತ್ರದ ಮೇಲೆ ಲಕೋಟೆ ಇಟ್ಟ. ರಸೀದಿಯನ್ನು ಜೇಬಿಗಿಳಿಸಿಕೊಂಡ, ನನಗೆ ಕೊಡಲಿಲ್ಲ.

ನಮ್ಮನ್ನು ಮಾತಾಡಲು ಕರೆಯಲಿಲ್ಲ. ಬರೆದವರನ್ನೆಲ್ಲ ಕರೆಯಲು ಆಗುವುದೂ ಇಲ್ಲ. ಸಮಿತಿಯ ವರದಿ 2015ರ ಮೇನಲ್ಲಿ ಸದನಕ್ಕೆ ಬಂತು. ರಾತ್ರಿ ಕೂತು ಓದಿದೆ. ಜನ ಏನು ಹೇಳಿದರು, ಅದಕ್ಕೆ ಇಲಾಖೆ ಏನು ಉತ್ತರ ಕೊಟ್ಟಿತು, ಆಮೇಲೆ ಸಮಿತಿಗೆ ಏನನ್ನಿಸಿತು, ಹೀಗೆ ಒಂದೊಂದೇ ವಿಷಯ ಹಿಡಿದು ಬರೆದಿದ್ದರು. ಸಮಿತಿಯ ಮಾತು ದಪ್ಪ ಅಕ್ಷರದಲ್ಲಿತ್ತು. ನನಗೆ ಹಿಡಿಸಿದ್ದು ನಡುವಿನ ಭಾಗ. ಇಲಾಖೆಯವರು "ಪರಿಶೀಲಿಸಲಾಗುವುದು" ಅಂತ ಜಾರಿಕೊಳ್ಳಲು ಅಲ್ಲಿ ಜಾಗ ಕಡಿಮೆ. ಎದುರಿಗೆ ಕೂತ ಸಂಸದರು ಕೇಳಿದ್ದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕು. ನನ್ನಂಥವಳು ಕಚೇರಿಯ ಕಿಟಕಿಯಲ್ಲಿ ಅದನ್ನೇ ಕೇಳಿದ್ದರೆ ಯಾರು ಉತ್ತರ ಕೊಡುತ್ತಿದ್ದರು? ಕೇಳುವ ಅಧಿಕಾರ ಇರುವವರ ಬಾಯಿಗೆ ನಮ್ಮ ಪ್ರಶ್ನೆ ತಲುಪಿದರೆ ಅದಕ್ಕೆ ಬೇರೆ ತೂಕ ಬರುತ್ತದೆ.

ಒಂದು ಮಾತು ಹೇಳಲೇಬೇಕು. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಒಪ್ಪಬಹುದು, ಬಿಡಬಹುದು. ಆದರೂ ಮಸೂದೆಗಳು ಸಮಿತಿಗೆ ಹೋಗಬೇಕು. ಇಲಾಖೆಗೊಂದರಂತೆ ಈ ಸಮಿತಿಗಳು ಬಂದದ್ದು 1993ರಲ್ಲಿ. 15ನೇ ಲೋಕಸಭೆಯ (2009–14) ಕಾಲದಲ್ಲಿ ನೂರಕ್ಕೆ ಸುಮಾರು 71 ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯ (2019–24) ಹೊತ್ತಿಗೆ ಅದು ಸುಮಾರು 16ಕ್ಕೆ ಇಳಿಯಿತು. ಈ ಅಂಕಿ ನೋಡಿದಾಗ ನನಗೆ ಕಾಣುವುದು ಅಂಚೆ ಕಚೇರಿಯ ಆ ಲಕೋಟೆ. ಸಮಿತಿಗೆ ಹೋಗದ ಮಸೂದೆಗೆ ಲಕೋಟೆ ಕಳಿಸುವ ವಿಳಾಸವೇ ಇರುವುದಿಲ್ಲ.

ವರದಿ ಬಂದ ಮೇಲೆ ಒಂದೂವರೆ ವರ್ಷ ಏನೂ ಆಗಲಿಲ್ಲ. ಪ್ರತಿ ಅಧಿವೇಶನ ಶುರುವಾಗುವ ಮೊದಲು ಕಾರ್ಯಸೂಚಿಯ ಪಟ್ಟಿ ನೋಡುತ್ತಿದ್ದೆ. ಇರುತ್ತಿತ್ತು, ಬರುತ್ತಿರಲಿಲ್ಲ. ತಮ್ಮ ಕೇಳುವುದನ್ನೇ ಬಿಟ್ಟಿದ್ದ.

2016ರ ಚಳಿಗಾಲದ ಅಧಿವೇಶನ ನವೆಂಬರ್ 16ಕ್ಕೆ ಶುರುವಾಯಿತು. ಒಂದು ವಾರದ ಹಿಂದಷ್ಟೇ ನೋಟು ರದ್ದಾಗಿತ್ತು. ದಿನಾ ಗದ್ದಲ, ದಿನಾ ಮುಂದೂಡಿಕೆ. ಆ ಅಧಿವೇಶನದ ಹೆಚ್ಚಿನ ಹೊತ್ತು ಹಾಗೇ ಹೋಯಿತು. ನೋಟಿನ ವಿಷಯ ಕೇಳಬಾರದು ಅಂತ ನಾನು ಹೇಳುವುದಿಲ್ಲ. ಸರ್ಕಾರವನ್ನು ನಿಲ್ಲಿಸಿ ಕೇಳುವುದು ಸಂಸತ್ತಿನ ಮೊದಲ ಕೆಲಸಗಳಲ್ಲೊಂದು. ಆದರೆ ಮುಂದೂಡಿದ ಪ್ರತಿ ಗಂಟೆಯಲ್ಲಿ ಯಾರದೋ ಮಸೂದೆ, ಯಾರದೋ ಪ್ರಶ್ನೆ ಮುಳುಗಿ ಹೋಗುತ್ತದೆ. ಆ ಯಾರೋ ನಾವೇ ಆಗಿದ್ದೆವು.

ಡಿಸೆಂಬರ್ 14ರಂದು ಮೇಡಂ ಫೋನ್ ಬಂತು. "ಟಿವಿ ಹಾಕು, ತಗೊಂಡಿದ್ದಾರೆ." ರಾಜ್ಯಸಭಾ ಟಿವಿ ಹಾಕಿದೆ. ಅಷ್ಟು ದಿನ ಕೂಗಾಡುತ್ತಿದ್ದ ಸದನ ಕೂತಿತ್ತು. ಆಗಿನ ಸಚಿವ ಥಾವರ್‌ಚಂದ್ ಗೆಹ್ಲೋಟ್ ಮಸೂದೆಯ ಬಗ್ಗೆ ಮಾತಾಡಿದರು. ಮುಂದೆ 2021ರಲ್ಲಿ ನಮ್ಮ ರಾಜ್ಯಪಾಲರಾಗಿ ಬಂದವರು ಅವರೇ. ಒಂದು ಸರ್ಕಾರ ತಂದ ಮಸೂದೆಯನ್ನು ಅದರ ಎದುರಾಳಿ ಸರ್ಕಾರ ದಡ ಮುಟ್ಟಿಸುತ್ತಿತ್ತು. ಪಕ್ಷ ಬೇರೆಯಾದರೂ ಎಲ್ಲರೂ ಬೆಂಬಲ ಅನ್ನುತ್ತಿದ್ದರು.

ಚರ್ಚೆ ಮುಗಿದು ಕಲಂ ಕಲಂ ಮತಕ್ಕೆ ಹಾಕುವ ಹೊತ್ತು ಬಂತು. ಸರ್ಕಾರವೇ ತಂದ ತಿದ್ದುಪಡಿಗಳು ನೂರಕ್ಕೂ ಹೆಚ್ಚಿದ್ದವು. ಪೀಠದಿಂದ ಕಲಂನ ನಂಬರು ಹೇಳುತ್ತಿದ್ದರು. ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ. ಹೌದು. ಅಂಗೀಕಾರ. ಮುಂದಿನದು. ಕೇಳುತ್ತಾ ಕೇಳುತ್ತಾ ನಾನು ಹಳೆಯ ಮಸೂದೆಯ ಪ್ರತಿ ಹಿಡಿದು ಪುಟ ತಿರುಗಿಸುತ್ತಿದ್ದೆ. ಹಿಂದೆ ಬಿದ್ದೆ. ಎರಡು ವರ್ಷ ಕಾದು, ಅಷ್ಟು ಪತ್ರ ತಿರುವಿ ನೋಡಿ ಮಾಡಿದ ಕೆಲಸ ಇಷ್ಟು ಜೋರಾಗಿ ಓಡುವುದು ನೋಡಿ ಎದೆ ಡವಡವ ಅನ್ನುತ್ತಿತ್ತು. ಖುಷಿಯೂ ಇತ್ತು, ಭಯವೂ ಇತ್ತು. ಯಾವ ಪದ ಯಾವುದಾಗಿ ಬದಲಾಯಿತು ಅಂತ ಟಿವಿ ನೋಡಿ ತಿಳಿಯುವುದು ಸಾಧ್ಯವೇ ಇರಲಿಲ್ಲ. ಕೊನೆಗೆ ಧ್ವನಿಮತದಿಂದ ಮಸೂದೆ ಪಾಸಾಯಿತು. ತಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಅವನು ಯಾವಾಗ ಬಂದ ಅಂತ ನನಗೆ ಗೊತ್ತೇ ಆಗಿರಲಿಲ್ಲ.

16ರಂದು, ಅಧಿವೇಶನದ ಕೊನೆಯ ದಿನ, ಲೋಕಸಭೆಯೂ ಒಪ್ಪಿತು. 27ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2016ರ 49ನೇ ಕಾಯ್ದೆ. ಜಾರಿಯಾದದ್ದು 2017ರ ಏಪ್ರಿಲ್ 19ರಂದು.

ಗೆಜೆಟ್ ಪ್ರತಿ ಸಿಕ್ಕ ಮೇಲೆ ನಿಧಾನವಾಗಿ ಹಳೆಯದಕ್ಕೂ ಹೊಸದಕ್ಕೂ ತಾಳೆ ಹಾಕಿದೆ. ಪಟ್ಟಿ 21 ಆಗಿತ್ತು. ಹೀಮೋಫಿಲಿಯಾ ಉಳಿದಿತ್ತು. ಉನ್ನತ ಶಿಕ್ಷಣದಲ್ಲಿ ಶೇ 5ರಷ್ಟು ಸೀಟು, ಅದರಲ್ಲಿ ತಮ್ಮನಂಥವರಿಗೂ ಪಾಲಿತ್ತು. ನೌಕರಿಯ ಮೀಸಲಾತಿ ಹಳೆಯ ಕಾಯ್ದೆಯಲ್ಲಿ ಶೇ 3 ಇತ್ತು, ಮಸೂದೆಯಲ್ಲಿ 5 ಇತ್ತು, ಕಾಯ್ದೆಯಾಗುವಾಗ 4ಕ್ಕೆ ನಿಂತಿತು. ಕಾಯ್ದೆ ಮೀರಿದವರಿಗೆ ಜೈಲು ಅಂತ ಇದ್ದ ಕಡೆ ಸಾಮಾನ್ಯ ತಪ್ಪುಗಳಿಗೆ ದಂಡ ಮಾತ್ರ ಉಳಿಯಿತು. 34ನೇ ಕಲಂ ತೆಗೆದೆ. ನೌಕರಿಯ ಗುಂಪುಗಳು ಅಲ್ಲಿದ್ದವು. ರಕ್ತದ ಕಾಯಿಲೆಯವರು ಇಲ್ಲ. ನಾಲ್ಕು ಕಾಲಂನ ಹಾಳೆಯಲ್ಲಿ ನಾವು ಬರೆದು ಕಳಿಸಿದ ಎರಡನೆಯ ವಿಷಯ ಹಾಗೇ ಖಾಲಿ ಉಳಿದಿತ್ತು.

ನಾನು ಅತ್ತುಬಿಟ್ಟೆ. ಮೇಡಂ ಸಮಾಧಾನ ಮಾಡಲಿಲ್ಲ. "ನಿಯಮ ಬರೋದು ಬಾಕಿ ಇದೆ, ಅದನ್ನ ನೋಡ್ತಿರು" ಅಂದರು. ಅವರ ಮಾತಿನಲ್ಲಿ ತಿರುಳಿತ್ತು. ಸಂಸತ್ತು ಪಾಸು ಮಾಡುವುದು ಕಾಯ್ದೆಯನ್ನು. ಸರ್ಟಿಫಿಕೇಟ್ ಯಾರು ಕೊಡಬೇಕು, ಅರ್ಜಿ ಹೇಗಿರಬೇಕು, ಶೇ 40 ಹೇಗೆ ಅಳೆಯಬೇಕು ಅನ್ನುವುದನ್ನೆಲ್ಲ ಸರ್ಕಾರ ಆಮೇಲೆ ನಿಯಮ, ಮಾರ್ಗಸೂಚಿ ಅಂತ ಹೊರಡಿಸುತ್ತದೆ. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಅಳತೆಯ ಮಾರ್ಗಸೂಚಿ 2018ರ ಜನವರಿಯಲ್ಲಿ. ನಿಯಮಗಳನ್ನು ಮತ್ತೆ ಸಂಸತ್ತಿನ ಮುಂದೆ ಇಡಬೇಕು. ಸದನ ಬೇಕಿದ್ದರೆ ಬದಲಿಸಬಹುದು, ರದ್ದೂ ಮಾಡಬಹುದು. ಅಧೀನ ಶಾಸನ ಸಮಿತಿ ಅಂತ ಇದನ್ನೇ ನೋಡಲು ಒಂದು ಸಮಿತಿ ಇದೆ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ತಮ್ಮನ ದಿನದಿನದ ಬದುಕನ್ನು ಹೆಚ್ಚಾಗಿ ತೀರ್ಮಾನ ಮಾಡಿದ್ದು ಈ ಸಣ್ಣ ಅಕ್ಷರದ ಪುಟಗಳೇ.

ವೈದ್ಯಕೀಯ ಮಂಡಳಿಯ ಮುಂದೆ ಅವನು ನಿಂತ ದಿನ ಕಾಲು ಊದಿರಲಿಲ್ಲ. ಆದರೆ ವರ್ಷಗಟ್ಟಲೆ ರಕ್ತ ಇಳಿದು ಎರಡೂ ಮೊಣಕಾಲು, ಬಲ ಮೊಣಕೈ ಹಾಳಾಗಿದ್ದವು. ಅಳತೆ 40 ದಾಟಿತು. ಸರ್ಟಿಫಿಕೇಟ್ ಕೈಗೆ ಬಂದಾಗ ಅಮ್ಮ ಅದನ್ನು ದೇವರ ಮುಂದೆ ಇಡಲಿಲ್ಲ. ಬೀರುವಿನಲ್ಲಿ ಮನೆ ಪತ್ರದ ಜೊತೆ ಇಟ್ಟರು. ಅದೇ ಸರ್ಟಿಫಿಕೇಟ್ ತೋರಿಸಿ ಅವನು ಸರ್ಕಾರಿ ಕಾಲೇಜಿನಲ್ಲಿ ಎಂಎಸ್ಸಿ ಸೀಟು ಪಡೆದ. ಪರೀಕ್ಷೆಯ ದಿನ ಮೊಣಕೈ ಊದಿದಾಗ ಬರೆಯಲು ಒಬ್ಬರನ್ನು ಕೊಟ್ಟರು. ಯಾವ ರೂಲ್ಸ್ ಅಂತ ಯಾರೂ ಕೇಳಲಿಲ್ಲ. ಕೇಳಿದರೆ ಹೇಳಲು ಅವನು ತಯಾರಾಗಿ ಹೋಗಿದ್ದ.

ನೌಕರಿಯ ಅರ್ಜಿ ತುಂಬುವಾಗ ಮತ್ತೆ ಅದೇ 34ನೇ ಕಲಂ ಎದುರು ನಿಂತಿತು. ಮೀಸಲಾತಿಯ ಗುಂಪು ಆರಿಸಿ ಅಂತ ಕೇಳುತ್ತದೆ, ಇವನ ಗುಂಪು ಅಲ್ಲಿಲ್ಲ. ಈ ಕೊರತೆ ಸರಿಮಾಡಲು ಕಾಯ್ದೆಗೆ ತಿದ್ದುಪಡಿಯೇ ಬೇಕು. ಅದಕ್ಕೆ ಈಗ ನಾವು ಲೋಕಸಭೆಗೆ ಅರ್ಜಿ ಬರೆಯುತ್ತಿದ್ದೇವೆ. ಇದೂ ಹಳೆಯ ದಾರಿಯೇ. ಸಾರ್ವಜನಿಕ ವಿಷಯದ ಮೇಲೆ ಯಾರು ಬೇಕಾದರೂ ಸದನಕ್ಕೆ ಅರ್ಜಿ ಕೊಡಬಹುದು. ಸಂಸದರೊಬ್ಬರು ಸಹಿ ಹಾಕಿ ಸದನದಲ್ಲಿ ಒಪ್ಪಿಸಿದರೆ ಅರ್ಜಿ ಸಮಿತಿ ಅದನ್ನು ಪರಿಶೀಲಿಸುತ್ತದೆ.

ಇದರ ನಿಯಮ ಓದುವಾಗ ಒಂದು ಸಾಲು ಕಂಡು ನಾನು ಎದ್ದು ನಿಂತೆ. ಅರ್ಜಿ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಭಾರತೀಯ ಭಾಷೆಯಲ್ಲಿದ್ದರೂ ಆಗುತ್ತದೆ. ಜೊತೆಗೆ ಅನುವಾದ ಇರಬೇಕು, ಅದಕ್ಕೂ ಅರ್ಜಿದಾರರು ಸಹಿ ಹಾಕಿರಬೇಕು. ಅಷ್ಟೇ. ಮೇಡಂಗೆ ಈಗ ಕಣ್ಣು ಮಂಜು, ಫೋನಿನಲ್ಲೇ ಓದಿ ಹೇಳಿದೆ. "ಹಾಗಾದ್ರೆ ಕೀಲು ಹಿಡಕೊಂಡಿದೆ ಅಂತಲೇ ಬರಿ" ಅಂದರು.

ಹಾಗೇ ಬರೆದಿದ್ದೇವೆ. ಈ ಸಲ ಅರ್ಜಿದಾರ ತಮ್ಮನೇ. ಕನ್ನಡದ್ದು ಎರಡು ಪುಟ, ಇಂಗ್ಲಿಷಿನದು ಎರಡು ಪುಟ. ಭಾನುವಾರ ರಾತ್ರಿ ಅವನು ಸಹಿ ಹಾಕಿದ. ಆ ದಿನ ಬಲ ಮೊಣಕೈ ಊದಿತ್ತು, ಐಸ್ ಕಟ್ಟಿದ್ದೆವು. ನಾಳೆ ಹಾಕಿದರಾಯಿತು ಅಂದೆ. ಕೇಳಲಿಲ್ಲ. ಕನ್ನಡದ ಪ್ರತಿಯ ಕೆಳಗಿನ ಸಹಿ ನೇರವಾಗಿದೆ. ಇಂಗ್ಲಿಷಿನ ಪ್ರತಿಗೆ ಬರುವಷ್ಟರಲ್ಲಿ ಕೈ ಸೋತು ಸಹಿ ಕೊಂಚ ಕೆಳಗೆ ಜಾರಿದೆ. ಬುಧವಾರ ಹನ್ನೊಂದಕ್ಕೆ ಸಂಸದರ ಕಚೇರಿಗೆ ಬರಲು ಹೇಳಿದ್ದಾರೆ.